ಘಟ್ಟ ಹತ್ತುವಾಗ ಎಂಜಿನ್ ತಡವರಿಸಿದರೆ ದೋಷವನ್ನು ಹುಡುಕುವ ಬಗೆ

ಸೋಮೇಶ್ವರದಿಂದ ಆಗುಂಬೆಗೆ ಏರುವ ಹದಿನಾಲ್ಕು ಹೇರ್‌ಪಿನ್ ತಿರುವುಗಳಲ್ಲಿ ಯಾವುದೋ ಒಂದರಲ್ಲಿ, ಎರಡನೆಯ ಗೇರಿಗೆ ಬಂದು ಆಕ್ಸಿಲರೇಟರ್ ಒತ್ತಿದಾಗ, ಎಂಜಿನ್ ಒಂದು ಕ್ಷಣ ಉಸಿರು ಕಟ್ಟಿದಂತೆ ತಡೆದು, ಆಮೇಲೆ ಜರ್ಕ್ ಹೊಡೆದು ಮುಂದೆ ಹೋಗುತ್ತದೆ. ಹಿಂದಿನಿಂದ ಬಸ್ಸು ಹತ್ತಿ ಬರುತ್ತಿರುವಾಗ ಆ ಒಂದು ಕ್ಷಣ ಬಹಳ ದೀರ್ಘವೆನಿಸುತ್ತದೆ. ಮೇಲೆ ಬಂದು ತೀರ್ಥಹಳ್ಳಿಯ ದಾರಿ ಹಿಡಿದ ಮೇಲೆ ಕಾರು ಏನೂ ಆಗಿಲ್ಲವೆಂಬಂತೆ ಓಡುತ್ತದೆ. ಮರುದಿನ ಶಿವಮೊಗ್ಗದಲ್ಲಿ ಮೆಕ್ಯಾನಿಕ್‌ಗೆ ತೋರಿಸಿದರೆ ದೋಷ ಕಾಣಿಸಿಕೊಳ್ಳುವುದೇ ಇಲ್ಲ. ಆಗ ಸಾಮಾನ್ಯವಾಗಿ ಸಿಗುವ ಉತ್ತರ, "ಎತ್ತರದಲ್ಲಿ ಗಾಳಿ ತೆಳು, ಘಾಟಿಯಲ್ಲಿ ಎಲ್ಲಾ ಗಾಡಿಯೂ ಹಾಗೇ" ಎಂಬುದು.

ಈ ಉತ್ತರವನ್ನು ಒಪ್ಪಿಕೊಂಡು ಸುಮ್ಮನಾಗಬಾರದು ಎಂದು ಹೇಳುವುದಕ್ಕೇ ಇದನ್ನು ಬರೆಯುತ್ತಿದ್ದೇನೆ. ಆರೋಗ್ಯವಾಗಿರುವ ಎಂಜಿನ್ನನ್ನು ತಡವರಿಸುವಂತೆ ಮಾಡುವಷ್ಟು ಎತ್ತರ ಮಲೆನಾಡಿನ ಘಾಟಿಗಳಿಗೆ ಇಲ್ಲ. ಆದರೆ ಘಟ್ಟದಲ್ಲಿ ಎತ್ತರದ ಜೊತೆಗೆ ಎಂಜಿನ್ ಮೇಲಿನ ಹೊರೆ, ಮಳೆ–ಮಂಜಿನ ತೇವ ಮತ್ತು ಕಾರಿನ ಓರೆ, ಈ ಮೂರೂ ಒಟ್ಟಿಗೆ ಬರುತ್ತವೆ. ಬಯಲಿನಲ್ಲಿ ಅಡಗಿದ್ದ ದೋಷ ಇವುಗಳಲ್ಲಿ ಯಾವುದೋ ಒಂದರಿಂದ ಹೊರಬೀಳುತ್ತದೆ. ನಾಲ್ಕನ್ನೂ ಬೇರೆ ಬೇರೆ ಮಾಡಿ, ಒಂದೊಂದನ್ನೇ ಪರೀಕ್ಷಿಸಿ ನೋಡಿದರೆ, ಬಿಡಿಭಾಗಗಳನ್ನು ಊಹೆಯ ಮೇಲೆ ಬದಲಾಯಿಸುವ ಖರ್ಚು ತಪ್ಪುತ್ತದೆ.

ಎತ್ತರದ ಪಾಲು ಎಷ್ಟು

ಸಮುದ್ರಮಟ್ಟದಲ್ಲಿ ಗಾಳಿಯ ಒತ್ತಡ ಸುಮಾರು 101 ಕಿಲೋಪಾಸ್ಕಲ್. ಸುಮಾರು 570 ಮೀಟರ್ ಎತ್ತರದಲ್ಲಿರುವ ಶಿವಮೊಗ್ಗದಲ್ಲಿ ಅದು 95ರ ಆಸುಪಾಸಿನಲ್ಲಿರುತ್ತದೆ. ಸುಮಾರು 650 ಮೀಟರ್ ಎತ್ತರದ ಆಗುಂಬೆಯಲ್ಲಿ 94, 1,434 ಮೀಟರ್ ಎತ್ತರದ ಕೆಮ್ಮಣ್ಣುಗುಂಡಿಯಲ್ಲಿ 85, ಕರ್ನಾಟಕದ ಅತ್ಯಂತ ಎತ್ತರದ ಶಿಖರವಾದ, ಸುಮಾರು 1,930 ಮೀಟರಿನ ಮುಳ್ಳಯ್ಯನಗಿರಿಯಲ್ಲಿ 80 ಎಂದು ಲೆಕ್ಕ ಹಾಕಬಹುದು. ಹವಾಮಾನಕ್ಕೆ ತಕ್ಕಂತೆ ಈ ಅಂಕಿಗಳು ಒಂದಷ್ಟು ಹಿಂದೆ ಮುಂದೆ ಆಗುತ್ತವೆ. ಟರ್ಬೋ (ಎಂಜಿನ್ನಿಗೆ ಗಾಳಿಯನ್ನು ಒತ್ತಿ ತುಂಬುವ ಸಾಧನ) ಇಲ್ಲದ ಎಂಜಿನ್ನಿನ ಶಕ್ತಿ ಪ್ರತಿ ನೂರು ಮೀಟರ್ ಏರಿಕೆಗೆ ಸುಮಾರು ಶೇಕಡಾ 1ರಂತೆ ಇಳಿಯುತ್ತದೆ. ಹೀಗಾಗಿ ಆಗುಂಬೆಯಲ್ಲಿ ಕಳೆದುಹೋಗುವುದು ಶೇಕಡಾ 6ರಷ್ಟು ಮಾತ್ರ. ಅದು ಸಣ್ಣ ಕಾರೊಂದರಲ್ಲಿ ಏಸಿ ಹಾಕಿದಾಗ ಕಳೆದುಕೊಳ್ಳುವ ಶಕ್ತಿಗೆ ಹೆಚ್ಚುಕಡಿಮೆ ಸಮ.

ಇಲ್ಲಿ ಗಮನಿಸಬೇಕಾದ ಮಾತು ಒಂದಿದೆ. ಶಿವಮೊಗ್ಗಕ್ಕೂ ಆಗುಂಬೆಗೂ ಇರುವ ಎತ್ತರದ ವ್ಯತ್ಯಾಸ ನೂರು ಮೀಟರಿಗಿಂತ ಕಡಿಮೆ. ಘಾಟಿಯ ಮಧ್ಯದಲ್ಲಿ ಇರುವಾಗಲಂತೂ ಕಾರು ಶಿವಮೊಗ್ಗಕ್ಕಿಂತ ಕೆಳಗೇ ಇರುತ್ತದೆ. ಅಂದಮೇಲೆ ಶಿವಮೊಗ್ಗ ಪೇಟೆಯಲ್ಲಿ ದಿನವೂ ಸರಾಗವಾಗಿ ಓಡುವ ಕಾರು ಆಗುಂಬೆ ಘಾಟಿಯ ಏಳನೆಯ ತಿರುವಿನಲ್ಲಿ ತಡವರಿಸಿದರೆ, ಅದಕ್ಕೆ ತೆಳುಗಾಳಿಯನ್ನು ಹೊಣೆ ಮಾಡುವುದು ಲೆಕ್ಕಕ್ಕೆ ಕೂಡುವುದಿಲ್ಲ. ಆ ಗಾಳಿ ಮನೆಯ ಮುಂದಿನ ಗಾಳಿಗಿಂತ ದಪ್ಪವಾದುದು. ಬಿಸಿಲಿನದ್ದೂ ಇಂತಹದೇ ಲೆಕ್ಕ. ಡಿಸೆಂಬರ್ ಬೆಳಗಿನ 16 ಡಿಗ್ರಿಯಿಂದ ಏಪ್ರಿಲ್ ಮಧ್ಯಾಹ್ನದ 36 ಡಿಗ್ರಿಗೆ ಏರುವಾಗ ಗಾಳಿಯ ಸಾಂದ್ರತೆ ಶೇಕಡಾ 6ಕ್ಕೂ ಸ್ವಲ್ಪ ಹೆಚ್ಚು ಇಳಿಯುತ್ತದೆ, ಅಂದರೆ ಕರಾವಳಿಯಿಂದ ಆಗುಂಬೆಗೆ ಬಂದಷ್ಟೇ. ಏಪ್ರಿಲ್ ಮಧ್ಯಾಹ್ನ ತಡವರಿಸದ ಎಂಜಿನ್ನಿಗೆ ಆಗುಂಬೆಯ ಎತ್ತರದಿಂದ ತಡವರಿಸಲು ಕಾರಣವಿಲ್ಲ.

ಮುಳ್ಳಯ್ಯನಗಿರಿ, ಬಾಬಾಬುಡನ್‌ಗಿರಿಯ ದಾರಿಗಳ ಮಾತು ಸ್ವಲ್ಪ ಬೇರೆ. ಅಲ್ಲಿ ಶಕ್ತಿ ಐದರಲ್ಲಿ ಒಂದು ಪಾಲಿಗೆ ಹತ್ತಿರ ಕಡಿಮೆಯಾಗುವುದರಿಂದ ಸಣ್ಣ ಎಂಜಿನ್ನಿನ, ಐದು ಜನ ಕುಳಿತ ಕಾರು ಮೊದಲನೆಯ ಗೇರನ್ನು ಕೇಳುವುದು ಸಹಜ. ಆದರೆ ಆ ಕೊರತೆಯೂ ಸಮನಾಗಿ, ಮೆಲ್ಲಗೆ ಬರುತ್ತದೆ. "ಗಾಡಿ ಎಳೆಯುತ್ತಿಲ್ಲ" ಎನ್ನುವುದು ಎತ್ತರದ ಲಕ್ಷಣವಾಗಿರಬಹುದು. "ಗಾಡಿ ಮಿಸ್ ಹೊಡೆಯುತ್ತಿದೆ" ಎನ್ನುವುದು, ಅಂದರೆ ಸಿಲಿಂಡರಿನಲ್ಲಿ ಇಂಧನ ಆಗಾಗ ಉರಿಯದೆ ತಪ್ಪುವುದು, ದೋಷದ ಲಕ್ಷಣ. ಈ ಎರಡು ಮಾತುಗಳನ್ನು ಬೆರೆಸಬಾರದು.

ಕಾರ್ಬ್ಯುರೇಟರ್ ಇರುವ ಹಳೆಯ ಕಾರು ಮತ್ತು ಜೀಪುಗಳಿಗೆ ಮಾತ್ರ ವಿನಾಯಿತಿ ಕೊಡಬೇಕು. ಕಾರ್ಬ್ಯುರೇಟರಿನ ಜೆಟ್ಟಿಗೆ, ಅಂದರೆ ಪೆಟ್ರೋಲ್ ಬರುವ ಸಣ್ಣ ರಂಧ್ರಕ್ಕೆ, ಗಾಳಿ ತೆಳುವಾದುದು ತಿಳಿಯುವುದಿಲ್ಲ. ಅದು ಕೆಳಗಿನ ಲೆಕ್ಕದಲ್ಲೇ ಪೆಟ್ರೋಲ್ ಬಿಡುತ್ತ ಹೋಗುವುದರಿಂದ ಮಿಶ್ರಣದಲ್ಲಿ ಇಂಧನ ಹೆಚ್ಚಾಗಿ, ಕಪ್ಪು ಹೊಗೆ ಬಂದು, ಪ್ಲಗ್ಗುಗಳಿಗೆ ಮಸಿ ಹಿಡಿಯುತ್ತದೆ. ಅಂತಹ ವಾಹನ ಗಿರಿಶ್ರೇಣಿಯ ಮೇಲೆ ಎಡವಿದರೆ ಎತ್ತರದ್ದೇ ತಪ್ಪೆನ್ನಬಹುದು. ಇಂಜೆಕ್ಷನ್ ವ್ಯವಸ್ಥೆಯ ಕಾರುಗಳಲ್ಲಿ ಸೆನ್ಸರ್‌ಗಳು ಗಾಳಿಯನ್ನು ಅಳೆದು, ಎಂಜಿನ್ನನ್ನು ನಿಯಂತ್ರಿಸುವ ಕಂಪ್ಯೂಟರಾದ ಇಸಿಯುಗೆ ತಿಳಿಸುತ್ತವೆ. ಇಸಿಯು ಪೆಟ್ರೋಲನ್ನು ಅಷ್ಟಕ್ಕೇ ಇಳಿಸುತ್ತದೆ.

ಮೊದಲು ಲಕ್ಷಣವನ್ನು ಬರೆದಿಟ್ಟುಕೊಳ್ಳಿ

ಉಪಕರಣಗಳನ್ನು ಹುಡುಕುವ ಮೊದಲು ಒಂದು ಚಿಕ್ಕ ಪುಸ್ತಕವನ್ನು ಕಾರಿನಲ್ಲಿ ಇಡಬೇಕು. ಎಂಜಿನ್ ತಡವರಿಸಿದಾಗ ಯಾವ ಗೇರ್ ಇತ್ತು, ಆರ್‌ಪಿಎಂ ಎಷ್ಟಿತ್ತು, ಆಕ್ಸಿಲರೇಟರನ್ನು ಅರ್ಧ ಒತ್ತಲಾಗಿತ್ತೋ ಪೂರ್ತಿಯೋ, ಏಸಿ ಓಡುತ್ತಿತ್ತೋ, ಮಳೆ ಇತ್ತೋ, ಟ್ಯಾಂಕಿನಲ್ಲಿ ಎಷ್ಟು ಇಂಧನವಿತ್ತು, ಎಂಜಿನ್ ಬಿಸಿಯಾಗಿ ಎಷ್ಟು ಹೊತ್ತಾಗಿತ್ತು ಎಂಬುದನ್ನು ಪಕ್ಕದಲ್ಲಿ ಕುಳಿತವರು ಆ ಕೂಡಲೇ ಬರೆದುಕೊಳ್ಳಲಿ. ಚಾಲಕರು ತಿರುವಿನಲ್ಲಿ ಇದಕ್ಕೆ ಕೈ ಹಾಕಬಾರದು, ತಿರುವಿನಲ್ಲಿ ಕಾರು ನಿಲ್ಲಿಸಲೂಬಾರದು. ಮೂರು ಪ್ರಯಾಣಗಳ ಟಿಪ್ಪಣಿ ಸೇರಿದರೆ ಅದರಲ್ಲೇ ಅರ್ಧ ಉತ್ತರ ಕಾಣುತ್ತದೆ. ನನ್ನ ಅನುಭವದಲ್ಲಿ ಮೆಕ್ಯಾನಿಕ್‌ಗೆ "ಘಾಟಿಯಲ್ಲಿ ಜರ್ಕ್ ಹೊಡೆಯುತ್ತದೆ" ಎಂದು ಹೇಳುವುದಕ್ಕೂ "ಬಿಸಿಯಾದ ಎಂಜಿನ್, ಎರಡನೆಯ ಗೇರ್, 1,800 ಆರ್‌ಪಿಎಂ, ಪೂರ್ತಿ ಒತ್ತಿದಾಗ ಮಾತ್ರ" ಎಂದು ಹೇಳುವುದಕ್ಕೂ ಸಿಗುವ ದುರಸ್ತಿಯಲ್ಲಿ ಅಜಗಜಾಂತರವಿದೆ.

ಎಂಜಿನ್ನಿನದಲ್ಲದ ತೊಂದರೆಗಳನ್ನು ಇದೇ ಹಂತದಲ್ಲಿ ಬದಿಗಿಡಬಹುದು. ಆರ್‌ಪಿಎಂ ಏರುತ್ತ ಕಾರಿನ ವೇಗ ಮಾತ್ರ ಏರದಿದ್ದರೆ, ಸುಟ್ಟ ವಾಸನೆಯೂ ಬಂದರೆ, ಅದು ಕ್ಲಚ್ ಜಾರುತ್ತಿರುವುದು. ಗೇರನ್ನು ತಾನೇ ಬದಲಿಸುವ ಎಎಂಟಿ ಗೇರ್‌ಬಾಕ್ಸಿನ ಕಾರುಗಳು ಹೇರ್‌ಪಿನ್ ತಿರುವಿನಲ್ಲಿ ಮೂರಕ್ಕೆ ಹೋಗಬೇಕೋ ಎರಡಕ್ಕೆ ಬರಬೇಕೋ ಎಂದು ತೀರ್ಮಾನಿಸುವ ಹೊತ್ತಿನಲ್ಲಿ ಚಕ್ರಕ್ಕೆ ಶಕ್ತಿ ಹೋಗುವುದಿಲ್ಲ. ಇದನ್ನು ಬಹಳ ಮಂದಿ ಎಂಜಿನ್ ದೋಷವೆಂದೇ ತಿಳಿಯುತ್ತಾರೆ. ಮ್ಯಾನುಯಲ್ ಮೋಡಿಗೆ ಹಾಕಿ ಎರಡನೆಯ ಗೇರಿನಲ್ಲೇ ಹತ್ತಿದಾಗ ತಡವರಿಕೆ ಹೋದರೆ ಎಂಜಿನ್ನನ್ನು ಬಿಚ್ಚುವ ಅಗತ್ಯವಿಲ್ಲ. ಟರ್ಬೋ ಎಂಜಿನ್‌ಗಳಲ್ಲಿ 1,500 ಆರ್‌ಪಿಎಂಗಿಂತ ಕೆಳಗೆ ಒತ್ತಿದಾಗ ಬರುವ ಮಂದತೆಯೂ ದೋಷವಲ್ಲ. ತೆಳುಗಾಳಿಯಲ್ಲಿ ಟರ್ಬೋ ವೇಗ ಪಡೆಯಲು ಇನ್ನಷ್ಟು ಹೊತ್ತು ತೆಗೆದುಕೊಳ್ಳುತ್ತದೆ.

ಚೆಕ್ ಎಂಜಿನ್ ದೀಪ ಮಿನುಗತೊಡಗಿದರೆ ಪರೀಕ್ಷೆಯನ್ನು ಮುಂದುವರಿಸಬಾರದು. ದೀಪ ಸ್ಥಿರವಾಗಿ ಉರಿಯುವುದು ಎಚ್ಚರಿಕೆಯಾದರೆ, ಮಿನುಗುವುದು ಸಿಲಿಂಡರಿನಲ್ಲಿ ಇಂಧನ ಉರಿಯದೆ ಹೊರಹೋಗುತ್ತಿದೆ ಎಂಬುದರ ಸೂಚನೆ. ಆ ಇಂಧನ, ಹೊಗೆಯನ್ನು ಶುದ್ಧಗೊಳಿಸುವ ಕೆಟಲಿಟಿಕ್ ಕನ್ವರ್ಟರ್ ಒಳಗೆ ಉರಿದು ಅದನ್ನು ಕರಗಿಸಬಲ್ಲದು. ಹೊರೆ ತಗ್ಗಿಸಿ, ಸುರಕ್ಷಿತ ಜಾಗದಲ್ಲಿ ನಿಲ್ಲಿಸಬೇಕು.

ಎತ್ತರವನ್ನು ಮಾತ್ರ ಪರೀಕ್ಷಿಸುವುದು

ಘಾಟಿ ಹತ್ತಿ ಮುಗಿದ ಮೇಲೆ ಸಮತಟ್ಟಾದ ಸುರಕ್ಷಿತ ಜಾಗದಲ್ಲಿ ಕಾರು ನಿಲ್ಲಿಸಿ, ಹ್ಯಾಂಡ್‌ಬ್ರೇಕ್ ಎಳೆದು, ನ್ಯೂಟ್ರಲ್‌ನಲ್ಲಿ ಐಡಲ್‌ನಿಂದ (ಆಕ್ಸಿಲರೇಟರ್ ಮುಟ್ಟದಿರುವಾಗಿನ ವೇಗದಿಂದ) 3,000 ಆರ್‌ಪಿಎಂವರೆಗೆ ಆಕ್ಸಿಲರೇಟರನ್ನು ಚುರುಕಾಗಿ ಒತ್ತಿ ನೋಡಿ. ಇಲ್ಲಿ ಎತ್ತರವಿದೆ, ಹೊರೆಯಿಲ್ಲ. ಎಂಜಿನ್ ಸ್ವಚ್ಛವಾಗಿ ಏರಿದರೆ ಎತ್ತರದ ಮೇಲಿನ ಅನುಮಾನ ಬಹುಮಟ್ಟಿಗೆ ತೀರಿತು.

ಇನ್ನೂ ಖಚಿತವಾದ ಪರೀಕ್ಷೆ ಮ್ಯಾಪ್ ಸೆನ್ಸರ್‌ನದು. ನಮ್ಮಲ್ಲಿನ ಹೆಚ್ಚಿನ ಸಣ್ಣ ಪೆಟ್ರೋಲ್ ಕಾರುಗಳು ಇನ್‌ಟೇಕ್ ಮ್ಯಾನಿಫೋಲ್ಡಿನ, ಅಂದರೆ ಸಿಲಿಂಡರುಗಳಿಗೆ ಗಾಳಿ ಒಯ್ಯುವ ಕೊಳವೆಯ, ಒತ್ತಡವನ್ನು ಅಳೆಯುವ ಈ ಸೆನ್ಸರನ್ನೇ ನಂಬಿ ಪೆಟ್ರೋಲಿನ ಪ್ರಮಾಣವನ್ನು ನಿರ್ಧರಿಸುತ್ತವೆ. ಎಂಜಿನ್ ಓಡದೆ ಇಗ್ನಿಷನ್ ಮಾತ್ರ ಆನ್ ಆಗಿರುವಾಗ ಮ್ಯಾನಿಫೋಲ್ಡಿನೊಳಗಿನ ಒತ್ತಡವೂ ಹೊರಗಿನ ಗಾಳಿಯ ಒತ್ತಡವೂ ಒಂದೇ. ಆದ್ದರಿಂದ ಕಾರಿನ ಕಂಪ್ಯೂಟರಿನ ಅಂಕಿಗಳನ್ನೂ ದೋಷದ ಕೋಡುಗಳನ್ನೂ ಓದುವ ಒಬಿಡಿ ಸ್ಕ್ಯಾನರನ್ನು ಜೋಡಿಸಿ, ಕೀಲಿಯನ್ನು ಆನ್ ಮಾಡಿ, ಮ್ಯಾಪ್ ಅಂಕಿಯನ್ನು ಓದಿದರೆ ಸೆನ್ಸರ್ ಒಂದು ಬ್ಯಾರೋಮೀಟರ್ ಆಗುತ್ತದೆ. ಉಡುಪಿಯಲ್ಲಿ 100ರ ಹತ್ತಿರ, ಶಿವಮೊಗ್ಗದಲ್ಲಿ 95, ಆಗುಂಬೆಯಲ್ಲಿ 94, ಕೆಮ್ಮಣ್ಣುಗುಂಡಿಯಲ್ಲಿ 85ರ ಸುತ್ತಮುತ್ತ ತೋರಿಸಬೇಕು. ಒಂದೆರಡು ಅಂಕಿಗಳ ವ್ಯತ್ಯಾಸಕ್ಕೆ ತಲೆಕೆಡಿಸಿಕೊಳ್ಳಬೇಕಾಗಿಲ್ಲ; ಕೆಮ್ಮಣ್ಣುಗುಂಡಿಯಲ್ಲೂ 97 ತೋರಿಸಿದರೆ ಮಾತ್ರ ಸೆನ್ಸರ್ ಅಥವಾ ಅದರ ವೈರಿಂಗ್ ಕೆಟ್ಟಿದೆ ಎಂದರ್ಥ. ಎಂಜಿನ್ ಬಿಸಿಯಾಗಿ ಐಡಲ್‌ನಲ್ಲಿರುವಾಗ ಇದೇ ಅಂಕಿ 30ರಿಂದ 40ರ ನಡುವೆ ಇಳಿಯಬೇಕು, ಆಕ್ಸಿಲರೇಟರ್ ಒತ್ತಿದ ಕ್ಷಣವೇ ಜಿಗಿಯಬೇಕು. ತಡವಾಗಿ, ಮೆಲ್ಲಗೆ ಏರಿದರೆ ಸೆನ್ಸರ್‌ನ ರಂಧ್ರಕ್ಕೆ ಎಣ್ಣೆಮಸಿ ಕಟ್ಟಿರುವ ಸಾಧ್ಯತೆ ಇದೆ.

ಕೆಲವು ಕಾರುಗಳು ಹೊರಗಿನ ಒತ್ತಡವನ್ನು ಕೀಲಿ ತಿರುಗಿಸಿದಾಗ ಒಮ್ಮೆ ಓದಿಕೊಂಡು, ಆಮೇಲೆ ಪೂರ್ತಿ ಒತ್ತಿದಾಗ ಮಾತ್ರ ಅದನ್ನು ತಿದ್ದಿಕೊಳ್ಳುತ್ತವೆ. ಮಂಗಳೂರಿನಿಂದ ಚಾರ್ಮಾಡಿ ಹತ್ತಿ ಎಲ್ಲೂ ನಿಲ್ಲದೆ ಗಿರಿಶ್ರೇಣಿಗೆ ಹೋದವರು ತಡವರಿಕೆ ಕಂಡರೆ, ಸುರಕ್ಷಿತ ಜಾಗದಲ್ಲಿ ಎಂಜಿನ್ ಆರಿಸಿ ಅರ್ಧ ನಿಮಿಷ ಬಿಟ್ಟು ಮತ್ತೆ ಚಾಲೂ ಮಾಡಿ ನೋಡಬೇಕು. ಅದರಿಂದ ತಡವರಿಕೆ ಹೋದರೆ ಒತ್ತಡದ ಓದಿನಲ್ಲೇ ದೋಷವಿದೆ ಎಂಬ ಸುಳಿವು ಸಿಕ್ಕಂತೆ.

ಘಟ್ಟವನ್ನು ಬಯಲಿಗೆ ತರುವುದು

ನನ್ನ ಮಟ್ಟಿಗೆ ಎಲ್ಲಕ್ಕಿಂತ ಮುಖ್ಯವಾದ ಪರೀಕ್ಷೆ ಇದು. ಹೊರೆಯನ್ನು ಎತ್ತರದಿಂದ ಬೇರ್ಪಡಿಸಲು ಬೆಟ್ಟ ಬೇಕಾಗಿಲ್ಲ. ಊರಿನ ಹೊರಗೆ, ವಾಹನ ಸಂಚಾರ ವಿರಳವಾದ ನೇರ ರಸ್ತೆಯಲ್ಲಿ, ಎಂಜಿನ್ ಚೆನ್ನಾಗಿ ಬಿಸಿಯಾದ ಮೇಲೆ, ನಾಲ್ಕನೆಯ ಗೇರಿನಲ್ಲಿ ಗಂಟೆಗೆ 45 ಕಿಲೋಮೀಟರ್ ವೇಗದಲ್ಲಿ ಹೋಗುತ್ತ, ಹಿಂದೆ ಮುಂದೆ ನೋಡಿಕೊಂಡು, ಆಕ್ಸಿಲರೇಟರನ್ನು ಐದಾರು ಸೆಕೆಂಡು ಪೂರ್ತಿ ಒತ್ತಬೇಕು. ಆರ್‌ಪಿಎಂ ಕಡಿಮೆ, ಥ್ರಾಟಲ್, ಅಂದರೆ ಎಂಜಿನ್ನಿಗೆ ಗಾಳಿ ಬಿಡುವ ಬಾಗಿಲು, ಪೂರ್ತಿ ತೆರೆದಿದೆ. ಘಾಟಿಯ ತಿರುವಿನಿಂದ ಎದ್ದು ಬರುವಾಗ ಎಂಜಿನ್ ಅನುಭವಿಸುವ ಸ್ಥಿತಿಯೇ ಇದು. ಇಲ್ಲೂ ಜರ್ಕ್ ಬಂದರೆ ದೋಷ ಕೈಗೆ ಸಿಕ್ಕಂತೆಯೇ, ಏಕೆಂದರೆ ಇನ್ನು ಮುಂದೆ ಅದನ್ನು ಮೆಕ್ಯಾನಿಕ್‌ನ ಎದುರಿಗೇ ತೋರಿಸಬಹುದು. ಈ ಪರೀಕ್ಷೆಯನ್ನು ಎರಡು ಮೂರು ಸಲಕ್ಕಿಂತ ಹೆಚ್ಚು ಮಾಡಬೇಕಾಗಿಲ್ಲ. ಹೆಚ್ಚಿನ ಗೇರಿನಲ್ಲಿ ಎಂಜಿನ್ನನ್ನು ಹೀಗೆ ದುಡಿಸುವುದು ಅದಕ್ಕೆ ಒಳ್ಳೆಯದಲ್ಲ.

ಎಂಟು ವರ್ಷ ಹಳೆಯದಾಗಿದ್ದ ನಮ್ಮ ಪೆಟ್ರೋಲ್ ಕಾರು ಒಂದು ಮಳೆಗಾಲವಿಡೀ ಆಗುಂಬೆಯಲ್ಲಿ ಎಡವುತ್ತಿತ್ತು. ಒಂದು ಗ್ಯಾರೇಜಿನಲ್ಲಿ ಫ್ಯುಯೆಲ್ ಪಂಪ್ ಬದಲಾಯಿಸಿದರು. ಸಾವಿರಾರು ರೂಪಾಯಿ ಹೋಯಿತು, ಎಡವುವುದು ಹೋಗಲಿಲ್ಲ. ಆಮೇಲೆ ಮೇಲೆ ಹೇಳಿದಂತೆ ಸಮತಟ್ಟು ರಸ್ತೆಯಲ್ಲಿ ಪರೀಕ್ಷಿಸಿದಾಗ ಮೊದಲ ಸಲಕ್ಕೇ ಜರ್ಕ್ ಬಂತು. ಸ್ಕ್ಯಾನರ್‌ನಲ್ಲಿ ಮೂರನೆಯ ಸಿಲಿಂಡರ್ ಮಿಸ್ ಹೊಡೆಯುತ್ತಿದೆ ಎಂಬ ಪಿ0303 ಕೋಡ್ ಇತ್ತು. ಎಂಜಿನ್ ತಣ್ಣಗಾದ ಮೇಲೆ ಮೂರನೆಯ ಸಿಲಿಂಡರಿನ ಪ್ಲಗ್ಗಿಗೆ ಕಿಡಿಯ ವೋಲ್ಟೇಜ್ ಕೊಡುವ ಇಗ್ನಿಷನ್ ಕಾಯಿಲನ್ನು ಒಂದನೆಯದಕ್ಕೂ ಒಂದನೆಯದನ್ನು ಮೂರಕ್ಕೂ ಹಾಕಿ, ಕೋಡನ್ನು ಅಳಿಸಿ, ಅದೇ ರಸ್ತೆಯಲ್ಲಿ ಮತ್ತೆ ಓಡಿಸಿದೆವು. ಈ ಸಲ ಬಂದದ್ದು ಪಿ0301. ದೋಷ ಕಾಯಿಲ್ ಜೊತೆಗೇ ಜಾಗ ಬದಲಿಸಿತ್ತು. ಬಿಚ್ಚಿ ನೋಡಿದರೆ ಕಾಯಿಲ್‌ನ ರಬ್ಬರ್ ಕೊಳವೆಯಲ್ಲಿ ಕೂದಲೆಳೆಯಷ್ಟು ಸಣ್ಣ ಬಿರುಕು, ಅದರ ಉದ್ದಕ್ಕೂ ಬೂದಿಬಣ್ಣದ ಗೆರೆ. ಹೀಗೆ ಅದಲುಬದಲು ಮಾಡಿ ನೋಡುವುದಕ್ಕೆ ಒಂದು ಸ್ಪ್ಯಾನರ್ ಮತ್ತು ಅರ್ಧ ಗಂಟೆ ಸಾಕು. ಕಾಯಿಲ್ ಸಿಲಿಂಡರಿಗೊಂದರಂತೆ ಇರುವ ಎಲ್ಲ ಕಾರುಗಳಲ್ಲೂ ಇದನ್ನು ಮಾಡಬಹುದು.

ಹೊರೆ ಬಿದ್ದಾಗಲೇ ಕಿಡಿ ತಪ್ಪುವುದು ಏಕೆಂದು ತಿಳಿದಿರುವುದು ಒಳ್ಳೆಯದು. ಥ್ರಾಟಲ್ ಪೂರ್ತಿ ತೆರೆದಾಗ ಸಿಲಿಂಡರಿನಲ್ಲಿ ಗಾಳಿ ಹೆಚ್ಚು ತುಂಬಿ ಒತ್ತಡ ಏರುತ್ತದೆ. ಒತ್ತಡ ಏರಿದಷ್ಟೂ ಪ್ಲಗ್ಗಿನ ಎರಡು ತುದಿಗಳ ನಡುವೆ ಕಿಡಿ ಹಾರುವುದಕ್ಕೆ ಹೆಚ್ಚು ವೋಲ್ಟೇಜ್ ಬೇಕು. ಪ್ಲಗ್ ಸವೆದು ಅಂತರ ಹೆಚ್ಚಿದ್ದರೆ, ಕಾಯಿಲ್ ದುರ್ಬಲವಾಗಿದ್ದರೆ, ರಬ್ಬರ್ ಬಿರುಕು ಬಿಟ್ಟಿದ್ದರೆ, ಆ ವೋಲ್ಟೇಜ್ ಸುಲಭದ ದಾರಿ ಹಿಡಿದು ಲೋಹಕ್ಕೆ ಹಾರಿಬಿಡುತ್ತದೆ. ತೆಳುಗಾಳಿಯಲ್ಲಿ ಒತ್ತಡ ಕಡಿಮೆ ಇರುವುದರಿಂದ ಕಿಡಿಯ ಕೆಲಸ ಸ್ವಲ್ಪ ಹಗುರವೇ ಆಗುತ್ತದೆ. ಹಾಗಿದ್ದೂ ಘಾಟಿಯಲ್ಲಿ ಕಿಡಿ ತಪ್ಪುತ್ತಿದ್ದರೆ ಅದು ಏರು ತಂದ ಹೊರೆಯ ಫಲ. ಪ್ಲಗ್ಗುಗಳನ್ನು ಕಾರಿನ ಕೈಪಿಡಿಯಲ್ಲಿ ಹೇಳಿದ ಅಂತರಕ್ಕೆ ಅಳೆದು ನೋಡುವುದು ಈ ಕಾರಣದಿಂದ ಮೊದಲ ಕೆಲಸವಾಗಬೇಕು.

ಫ್ಯುಯೆಲ್ ಟ್ರಿಮ್ ಓದುವುದು

ಕಿಡಿಯಲ್ಲಿ ದೋಷವಿಲ್ಲದಿದ್ದರೆ ಮುಂದಿನ ಪ್ರಶ್ನೆ ಗಾಳಿ ಮತ್ತು ಪೆಟ್ರೋಲಿನದು. ಆಕ್ಸಿಜನ್ ಸೆನ್ಸರ್ ಹೇಳುವುದನ್ನು ಕೇಳಿ ಇಸಿಯು ಪೆಟ್ರೋಲನ್ನು ಎಷ್ಟು ಕೂಡಿಸುತ್ತಿದೆ, ಎಷ್ಟು ಕಳೆಯುತ್ತಿದೆ ಎಂಬ ಶೇಕಡಾವಾರು ಲೆಕ್ಕವೇ ಫ್ಯುಯೆಲ್ ಟ್ರಿಮ್. ಆ ಕ್ಷಣದ ಟ್ರಿಮ್ ಮತ್ತು ದೀರ್ಘಾವಧಿಯ ಟ್ರಿಮ್ ಎಂಬ ಎರಡು ಅಂಕಿಗಳನ್ನು ಕೂಡಿದಾಗ ಬರುವ ಮೊತ್ತ ಕೂಡು ಹತ್ತು, ಕಳೆ ಹತ್ತರ ಒಳಗೆ ಇದ್ದರೆ ಎಂಜಿನ್ ಸಮಾಧಾನವಾಗಿದೆ ಎನ್ನಬಹುದು.

ಈ ಮೊತ್ತವನ್ನು ಮೂರು ಕಡೆ ಓದಬೇಕು: ಐಡಲ್‌ನಲ್ಲಿ, ನಿಂತಲ್ಲೇ 2,500 ಆರ್‌ಪಿಎಂನಲ್ಲಿ, ಮತ್ತು ಏರು ರಸ್ತೆಯಲ್ಲಿ ಅರ್ಧ ಆಕ್ಸಿಲರೇಟರ್ ಹಿಡಿದು ಸ್ಥಿರವಾಗಿ ಹತ್ತುತ್ತಿರುವಾಗ. ಓದುವುದು ಪಕ್ಕದಲ್ಲಿ ಕುಳಿತವರ ಕೆಲಸ. ಪೂರ್ತಿ ಒತ್ತಿದಾಗ ಬಹಳಷ್ಟು ಕಾರುಗಳು ಆಕ್ಸಿಜನ್ ಸೆನ್ಸರನ್ನು ಬದಿಗಿಟ್ಟು ತಮ್ಮದೇ ಲೆಕ್ಕದಲ್ಲಿ ಪೆಟ್ರೋಲ್ ಬಿಡುವುದರಿಂದ ಆಗಿನ ಟ್ರಿಮ್‌ನಿಂದ ಹೆಚ್ಚು ತಿಳಿಯುವುದಿಲ್ಲ.

ಐಡಲ್‌ನಲ್ಲಿ ಸರಿಯಾಗಿದ್ದು ಏರಿನಲ್ಲಿ ಮಾತ್ರ ಕೂಡು ಹದಿನೈದು, ಇಪ್ಪತ್ತಕ್ಕೆ ಹೋದರೆ ಎಂಜಿನ್ ಕೇಳಿದಷ್ಟು ಪೆಟ್ರೋಲ್ ಬರುತ್ತಿಲ್ಲ. ಆಗ ಇಂಧನದ ಫಿಲ್ಟರ್, ಪಂಪ್, ಇಂಜೆಕ್ಟರ್‌ಗಳನ್ನು ಅನುಮಾನಿಸುವುದು ನ್ಯಾಯ. ಸಾಮಾನ್ಯ ಪೋರ್ಟ್ ಇಂಜೆಕ್ಷನ್ ಕಾರುಗಳಲ್ಲಿ ಇಂಧನದ ಒತ್ತಡ 3 ಬಾರ್‌ನ ಆಸುಪಾಸಿನಲ್ಲಿರುತ್ತದೆ. ಗೇಜ್ ಹಾಕಿ, ಹೊರೆಯಲ್ಲೂ ಅದು ನಿಲ್ಲುತ್ತದೆಯೇ ಎಂದು ನೋಡಿದ ಮೇಲೆಯೇ ಪಂಪ್ ಬದಲಾಯಿಸಲು ಒಪ್ಪಬೇಕು. ಗಾಳಿಯ ಹರಿವನ್ನೇ ಅಳೆಯುವ ಮಾಫ್ ಸೆನ್ಸರ್ ಇರುವ ಕಾರುಗಳಲ್ಲಿ ಅದರ ತಂತಿಗೆ ಧೂಳು ಹಿಡಿದರೂ ಇದೇ ಲಕ್ಷಣ ಬರುತ್ತದೆ, ಏಕೆಂದರೆ ಕೊಳಕಾದ ಸೆನ್ಸರ್ ಹೆಚ್ಚು ಗಾಳಿಯನ್ನು ಕಡಿಮೆಯೆಂದು ಹೇಳುತ್ತದೆ. ಅದಕ್ಕೆಂದೇ ಸಿಗುವ ಸ್ಪ್ರೇಯಿಂದ ತೊಳೆಯಬೇಕು, ಬಟ್ಟೆಯಿಂದ ಒರೆಸಬಾರದು. ಅಂತಹ ಕಾರುಗಳಲ್ಲಿ ಏರ್ ಫಿಲ್ಟರಿನಿಂದ ಥ್ರಾಟಲ್‌ಗೆ ಬರುವ ರಬ್ಬರ್ ಕೊಳವೆಯ ಮಡಿಕೆಗಳನ್ನು ಬಿಡಿಸಿ ನೋಡುವುದನ್ನು ಮರೆಯಬಾರದು. ಎಂಜಿನ್ ಹೊರೆಯಲ್ಲಿ ತನ್ನ ಮೌಂಟಿಂಗ್ ಮೇಲೆ ವಾಲಿದಾಗ ಮಾತ್ರ ಬಾಯಿ ಬಿಡುವ ಬಿರುಕು, ಗ್ಯಾರೇಜಿನಲ್ಲಿ ನಿಂತಾಗ ಮುಚ್ಚಿಕೊಂಡಿರುತ್ತದೆ.

ಇದಕ್ಕೆ ವಿರುದ್ಧವಾಗಿ ಐಡಲ್‌ನಲ್ಲಿ ಟ್ರಿಮ್ ಬಹಳ ಹೆಚ್ಚಿದ್ದು 2,500ರಲ್ಲಿ ಸರಿಹೋದರೆ, ಥ್ರಾಟಲ್‌ನ ಆಚೆ ಎಲ್ಲೋ ಲೆಕ್ಕಕ್ಕೆ ಸಿಗದ ಗಾಳಿ ನುಗ್ಗುತ್ತಿದೆ. ಮ್ಯಾಪ್ ಸೆನ್ಸರ್ ಮಾತ್ರ ಇರುವ ಕಾರಿನಲ್ಲಿ ಐಡಲ್ ವೇಗ ತಾನಾಗಿ ಏರುವುದು ಇದರ ಮೊದಲ ಗುರುತು. ಥ್ರಾಟಲ್ ಬಾಡಿಯಲ್ಲಿ ಮಸಿ ಕಟ್ಟಿದ್ದರೆ ಒತ್ತಿದ ಮೊದಲ ಕ್ಷಣದಲ್ಲಿ ತಡವರಿಕೆ ಬರುತ್ತದೆ. ಶಕ್ತಿ ಏರುತ್ತ ಏರುತ್ತ ಎಂಜಿನ್ ಗಂಟಲು ಕಟ್ಟಿದಂತೆ ನಿಂತುಬಿಟ್ಟರೆ ಸೈಲೆನ್ಸರ್ ದಾರಿಯ ಕೆಟಲಿಟಿಕ್ ಕನ್ವರ್ಟರ್ ಮುಚ್ಚಿಕೊಂಡಿರಬಹುದು.

ಶಿವಮೊಗ್ಗದಲ್ಲಿ ಓದಿದ ಟ್ರಿಮ್ ಮತ್ತು ಕೆಮ್ಮಣ್ಣುಗುಂಡಿಯಲ್ಲಿ ಓದಿದ ಟ್ರಿಮ್ ಹೆಚ್ಚುಕಡಿಮೆ ಒಂದೇ ಆಗಿದ್ದರೆ, ಎಂಜಿನ್ ತೆಳುಗಾಳಿಗೆ ತಕ್ಕ ಲೆಕ್ಕವನ್ನು ಸರಿಯಾಗಿಯೇ ಮಾಡಿಕೊಂಡಿದೆ ಎಂಬುದಕ್ಕೆ ಬೇರೆ ಸಾಕ್ಷಿ ಬೇಡ.

ಮಳೆ, ಇಲಿ, ಕಣಜ

ಮಲೆನಾಡಿನ ಮಳೆಗಾಲ ವೈರಿಂಗಿಗೆ ಎತ್ತರಕ್ಕಿಂತ ದೊಡ್ಡ ಶತ್ರು. ಬಿಸಿಲಿನ ದಿನ ಸುಳಿಯದ ತಡವರಿಕೆ ಜುಲೈ ತಿಂಗಳಿನಲ್ಲಿ ಮಾತ್ರ ಬಂದರೆ, ಪ್ಲಗ್ ಕೂರುವ ಬಾವಿಯಲ್ಲಿ ನೀರು ನಿಂತಿದೆಯೇ, ಕನೆಕ್ಟರ್‌ಗಳ ಒಳಗೆ ಹಸಿರು ತುಕ್ಕು ಕಟ್ಟಿದೆಯೇ ಎಂದು ನೋಡಬೇಕು. ಕಾಯಿಲ್ ಮತ್ತು ಹೈಟೆನ್ಷನ್ ವೈರುಗಳ ಸೋರಿಕೆಯನ್ನು ಕಣ್ಣಾರೆ ಕಾಣಲು, ಕತ್ತಲಲ್ಲಿ ಬಾನೆಟ್ ತೆರೆದು, ಎಂಜಿನ್ ಐಡಲ್‌ನಲ್ಲಿರುವಾಗ, ಕೈಯನ್ನು ದೂರವಿಟ್ಟು, ಸಣ್ಣ ಸ್ಪ್ರೇ ಬಾಟಲಿಯಿಂದ ಅವುಗಳ ಮೇಲೆ ಮಂಜಿನಂತೆ ನೀರು ಸಿಂಪಡಿಸಬೇಕು. ಸೋರಿಕೆ ಇದ್ದಲ್ಲಿ ನೀಲಿ ಕಿಡಿ ಹರಿದಾಡುತ್ತದೆ. ಅಲ್ಲಿ ಸಾವಿರಾರು ವೋಲ್ಟ್ ಇರುತ್ತದೆ, ಯಾವುದನ್ನೂ ಮುಟ್ಟಬಾರದು.

ಅಡಿಕೆ ಮನೆಯ ಪಕ್ಕದಲ್ಲೋ ಕೊಟ್ಟಿಗೆಯ ಮಾಡಿನಲ್ಲೋ ಕಾರು ನಿಲ್ಲಿಸುವವರು ಏರ್ ಫಿಲ್ಟರ್ ಡಬ್ಬಿಯನ್ನು ತಿಂಗಳಿಗೊಮ್ಮೆ ತೆರೆಯಬೇಕು. ಇಲಿ ಅಲ್ಲಿ ಗೂಡು ಕಟ್ಟುತ್ತದೆ, ಸೆನ್ಸರ್ ವೈರುಗಳ ಹೊದಿಕೆಯನ್ನು ಕಡಿಯುತ್ತದೆ. ಅರ್ಧ ಕಡಿದ ವೈರು ಎಂಜಿನ್ ವಾಲಿದಾಗ ಮಾತ್ರ ಸಂಪರ್ಕ ತಪ್ಪಿಸಿ ನಮ್ಮನ್ನು ದಿಕ್ಕುಗೆಡಿಸುತ್ತದೆ. ಮಣ್ಣಿನ ಗೂಡು ಕಟ್ಟುವ ಕಣಜಗಳು ಇಂಧನ ಟ್ಯಾಂಕಿನ ಗಾಳಿಕೊಳವೆಯ ಬಾಯಿಯನ್ನು ಮುಚ್ಚಿಬಿಡುವುದುಂಟು. ಕರಾವಳಿಯಿಂದ ಹತ್ತಿ ಬಂದ ಕಾರಿನ ಇಂಧನದ ಮುಚ್ಚಳ ತೆರೆದಾಗ ಗಾಳಿ ಸುಯ್ಯೆಂದು ಹೊರಬರುವುದು ಸಹಜ, ಹೊರಗಿನ ಒತ್ತಡ ಕಡಿಮೆಯಾಗಿರುತ್ತದಲ್ಲ. ಹತ್ತಿ ಬಂದ ಮೇಲೂ ಗಾಳಿ ಜೋರಾಗಿ ಒಳಕ್ಕೆ ಎಳೆದುಕೊಂಡರೆ ಗಾಳಿಕೊಳವೆ ಕಟ್ಟಿದೆ ಎಂದು ತಿಳಿಯಬೇಕು.

ಎಥೆನಾಲ್ ಬೆರೆತ ಪೆಟ್ರೋಲ್ ನೀರನ್ನು ಹೀರಿಕೊಳ್ಳುತ್ತದೆ. ನೀರು ಮಿತಿ ಮೀರಿದಾಗ ಎಥೆನಾಲ್ ನೀರಿನೊಡನೆ ಬೇರ್ಪಟ್ಟು, ಪಂಪ್ ಹೀರುವ ತಳಕ್ಕೇ ಇಳಿಯುತ್ತದೆ. ಮಳೆಗಾಲದಲ್ಲಿ ವಾರಗಟ್ಟಲೆ ನಿಲ್ಲುವ ಕಾರಿನ ಟ್ಯಾಂಕನ್ನು ತುಂಬಿಯೇ ಇಡುವುದು ಕ್ಷೇಮ.

ಓರೆ

ಟ್ಯಾಂಕಿನಲ್ಲಿ ಕಾಲು ಭಾಗಕ್ಕಿಂತ ಕಡಿಮೆ ಇಂಧನವಿದ್ದಾಗ, ಕಡಿದಾದ ತಿರುವಿನಲ್ಲಿ ಇಂಧನ ಒಂದು ಮೂಲೆಗೆ ಸರಿದು ಪಂಪ್ ಒಂದು ಕ್ಷಣ ಗಾಳಿಯನ್ನು ಎಳೆಯಬಹುದು. ಎಡತಿರುವಿನಲ್ಲಿ ಮಾತ್ರ, ಅಥವಾ ಬಲತಿರುವಿನಲ್ಲಿ ಮಾತ್ರ ತಡವರಿಕೆ ಬಂದರೆ ಇದನ್ನು ಮೊದಲು ಅನುಮಾನಿಸಿ, ಟ್ಯಾಂಕ್ ತುಂಬಿಸಿ ಅದೇ ದಾರಿಯಲ್ಲಿ ಹೋಗಿ ನೋಡಿ.

ಡೀಸೆಲ್ ಕಾರುಗಳಿಗೆ ಎರಡು ಮಾತು

ಡೀಸೆಲ್ ಎಂಜಿನ್ನಿನಲ್ಲಿ ಕಿಡಿ ಇಲ್ಲ. ಹುಡುಕಬೇಕಾದದ್ದು ಗಾಳಿ ಮತ್ತು ಇಂಧನವನ್ನು. ಏರಿನಲ್ಲಿ ಸುಯ್ಯೆಂಬ ಸದ್ದಿನೊಡನೆ ಕಪ್ಪು ಹೊಗೆ ಬಂದರೆ ಟರ್ಬೋದಿಂದ, ಗಾಳಿಯನ್ನು ತಂಪಾಗಿಸುವ ಇಂಟರ್‌ಕೂಲರ್‌ಗೆ ಹೋಗುವ ಕೊಳವೆ ಸೀಳಿರಬಹುದು, ಅಥವಾ ಅದರ ಕ್ಲಿಪ್ ಸಡಿಲವಾಗಿರಬಹುದು. ಕೊಳವೆಯ ಹೊರಮೈಯಲ್ಲಿ ಎಣ್ಣೆಯ ಪಸೆ ಕಂಡಲ್ಲಿ ಒತ್ತಿ ನೋಡಬೇಕು. ಹೊಗೆಯಿಲ್ಲದೆ ಶಕ್ತಿ ಮಾತ್ರ ನಿಂತರೆ ಡೀಸೆಲ್ ಫಿಲ್ಟರ್ ಕಟ್ಟಿರುವ ಸಂಭವ ಹೆಚ್ಚು, ಮತ್ತು ಅದರ ತಳದಲ್ಲಿ ನಿಂತ ನೀರನ್ನು ಮಳೆಗಾಲಕ್ಕೆ ಮೊದಲೊಮ್ಮೆ, ನಂತರವೊಮ್ಮೆ ಇಳಿಸುವುದು ನಮ್ಮ ಭಾಗದಲ್ಲಿ ರೂಢಿಯಾಗಬೇಕು. ಹೊಗೆಯ ಒಂದು ಪಾಲನ್ನು ಮತ್ತೆ ಎಂಜಿನ್ನಿಗೆ ಬಿಡುವ ಇಜಿಆರ್ ವಾಲ್ವ್ ಮಸಿ ಹಿಡಿದು ತೆರೆದೇ ಉಳಿದರೆ ಒತ್ತಿದ ಕೂಡಲೇ ಎಂಜಿನ್ ಮಂಕಾಗಿ, ಆಮೇಲೆ ಎಚ್ಚೆತ್ತುಕೊಳ್ಳುತ್ತದೆ.

ದುರಸ್ತಿಯ ಮುನ್ನ, ದುರಸ್ತಿಯ ನಂತರ

ಘಾಟಿಗೆಂದು ಹೆಚ್ಚು ಆಕ್ಟೇನ್‌ನ ದುಬಾರಿ ಪೆಟ್ರೋಲ್ ಹಾಕಿಸುವವರಿದ್ದಾರೆ. ಗಾಳಿ ತೆಳುವಾದಂತೆ ಸಿಲಿಂಡರಿನ ಒತ್ತಡ ಇಳಿದು ನಾಕಿಂಗ್ (ಇಂಧನ ತಾನಾಗಿ ಸಿಡಿದು ಎಂಜಿನ್ ಬಡಿಯುವುದು) ಪ್ರವೃತ್ತಿ ಕಡಿಮೆಯಾಗುವುದರಿಂದ, ಎತ್ತರ ಕೇಳುವ ಆಕ್ಟೇನ್ ಬಯಲಿಗಿಂತ ಕಡಿಮೆಯೇ. ಆ ಹಣವನ್ನು ಪ್ಲಗ್ಗುಗಳಿಗೆ ಖರ್ಚು ಮಾಡುವುದು ಮೇಲು. ಇಂಧನಕ್ಕೆ ಬೆರೆಸುವ ಬಾಟಲಿ ದ್ರವಗಳಿಂದ ಬಿರುಕು ಬಿಟ್ಟ ರಬ್ಬರ್ ಕೂಡಿಕೊಳ್ಳುವುದಿಲ್ಲ. ಒಂದು ಸಲಕ್ಕೆ ಒಂದೇ ಭಾಗವನ್ನು ಬದಲಾಯಿಸಬೇಕು, ಹಳೆಯ ಭಾಗವನ್ನು ಕೇಳಿ ಪಡೆಯಬೇಕು. ಎರಡು ಮೂರನ್ನು ಒಟ್ಟಿಗೆ ಬದಲಾಯಿಸಿದರೆ ಯಾವುದು ಕೆಟ್ಟಿತ್ತೆಂದು ಎಂದಿಗೂ ತಿಳಿಯುವುದಿಲ್ಲ. ಕೋಡನ್ನು ಅಳಿಸುವ ಮೊದಲು ಅದರ ಜೊತೆಗೆ ದಾಖಲಾಗಿರುವ ಫ್ರೀಜ್ ಫ್ರೇಮ್ ಅಂಕಿಗಳ ಫೋಟೋ ತೆಗೆದುಕೊಳ್ಳಬೇಕು, ಏಕೆಂದರೆ ದೋಷ ಬಂದ ಕ್ಷಣದ ಆರ್‌ಪಿಎಂ, ಹೊರೆ, ಉಷ್ಣತೆ ಅದರಲ್ಲಿರುತ್ತವೆ ಮತ್ತು ಅಳಿಸಿದೊಡನೆ ಅವೂ ಹೋಗುತ್ತವೆ.

ದುರಸ್ತಿಯಾದ ಮೇಲೆ ಮೊದಲು ಸಮತಟ್ಟು ರಸ್ತೆಯ ನಾಲ್ಕನೆಯ ಗೇರಿನ ಪರೀಕ್ಷೆಯನ್ನು ಮಾಡಿ. ಅದರಲ್ಲಿ ಗೆದ್ದರೆ, ಪುಸ್ತಕದಲ್ಲಿ ಬರೆದಿಟ್ಟುಕೊಂಡ ಅದೇ ಘಾಟಿಯನ್ನು, ಸಾಧ್ಯವಾದರೆ ಮಳೆ ಬರುತ್ತಿರುವ ದಿನವೇ, ಅಷ್ಟೇ ಜನರನ್ನು ಕೂರಿಸಿಕೊಂಡು, ಅದೇ ಗೇರಿನಲ್ಲಿ, ಏಸಿ ಹಾಕಿಕೊಂಡು ಹತ್ತಿ. ಮೇಲೆ ಬಂದು ಸ್ಕ್ಯಾನರ್ ಜೋಡಿಸಿ, ಕೋಡ್ ಇನ್ನೂ ದೃಢವಾಗದೆ ಬಾಕಿ ಉಳಿದಿರುವ ಪೆಂಡಿಂಗ್ ಪಟ್ಟಿಯನ್ನು ನೋಡಿ. ಆ ಪಟ್ಟಿಯೂ ಖಾಲಿಯಿದ್ದರೆ ಪುಸ್ತಕದಲ್ಲಿ ದಿನಾಂಕ ಹಾಕಿ, ಬದಲಾಯಿಸಿದ ಭಾಗದ ಹೆಸರನ್ನೂ ಅಂದಿನ ಕಿಲೋಮೀಟರನ್ನೂ ಬರೆದಿಡಿ.